ಮಂಗಳೂರಿನಲ್ಲಿ ವ್ರತ ಸ್ವೀಕರಿಸಿದ ಸಂತ ಮರಿಯಂ

ಗಲಿಲೇಯದ ಇಬಿಲ್ಲಿನ್ ಊರಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಮೂರು ತುಂಬುವ ಮೊದಲೇ ಅನಾಥೆ. ಸಾಕಿದ ಬಂಧುಗಳು ಮದುವೆ ಗೊತ್ತುಮಾಡಿದರೆ, ಒಲ್ಲೆನೆಂದು ಹಠ ಹಿಡಿದಳು. ಮುಂದೆ ಊರೂರಲ್ಲಿ ಮನೆಗೆಲಸವೇ ಗತಿ. 1865ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಸಿಸ್ಟರ್ ಆಗಲು ಸೇರಿದಳು. ಓದುಬರಹ ಅಷ್ಟಕ್ಕಷ್ಟೇ, ಕಾಣುತ್ತಿದ್ದ ದರ್ಶನಗಳೇ ಮುಳುವಾದವು ಪಾಪ! ಎರಡು ವರ್ಷವಾದ ಮೇಲೆ ಅವಳು ಬೇಡವೆಂದರು. ಆಗ ಅಲ್ಲಿನ ಮದರ್ ವೆರೋನಿಕಾ ತಾವೇ ಕರೆದೊಯ್ದು ಪೋ ಪಟ್ಟಣದ ಕಾರ್ಮೆಲ್ ಮಠಕ್ಕೆ ಸೇರಿಸಿದರು.

1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹಡಗು ಹತ್ತಿದವರಲ್ಲಿ ಈ ನೋವಿಸ್ ಕೂಡ ಇದ್ದರು. ದಾರಿಯಲ್ಲೇ ಕೆಲವು ಸಿಸ್ಟರ್‌ಗಳು ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಮರಿಯಂ ವ್ರತ ಸ್ವೀಕರಿಸಿದರು. ಇಲ್ಲೂ ಸಂಶಯ ತಪ್ಪಲಿಲ್ಲ, ಮರುವರ್ಷ ವಾಪಸು ಕಳಿಸಿಬಿಟ್ಟರು. ಕೊನೆಗೆ ಬೆತ್ಲೆಹೇಮಿನಲ್ಲಿ ಮಠ ಕಟ್ಟುವಾಗ ಕೆಲಸದವರಿಗೆ ನೀರು ಒಯ್ಯುತ್ತಾ ಬಿದ್ದು, ಆ ಗಾಯದಿಂದಲೇ 1878ರ ಆಗಸ್ಟ್ 26ರಂದು ತೀರಿಹೋದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.