ಭಾವಚಿತ್ರಕ್ಕೆ ಬೆಳಕು ತಂದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್

ಹಳೆಯ ಲೆನ್ಸ್‌ಗಳನ್ನು ಹುಡುಕಿ ತಂದು ಹೊಸ ಡಿಜಿಟಲ್ ಕ್ಯಾಮರಾಗಳಿಗೆ ಜೋಡಿಸಿ ಭಾವಚಿತ್ರ ತೆಗೆಯುವ ಹವ್ಯಾಸ ನಗರಗಳ ಛಾಯಾಗ್ರಾಹಕರಲ್ಲಿ ಬೇರೂರಿದೆ. ಅಂಥವರ ನಡುವೆ ಪದೇ ಪದೇ ಕೇಳಿಬರುವ ಹೆಸರು ಪೆಟ್ಸ್‌ವಾಲ್. ಮುಖ ಮಾತ್ರ ನಿಚ್ಚಳವಾಗಿ, ಹಿನ್ನೆಲೆಯೆಲ್ಲ ಸುಳಿಗಾಳಿಗೆ ಸಿಕ್ಕಂತೆ ಸುತ್ತುತ್ತಿರುವ ಚಿತ್ರ ಕಂಡರೆ ಅದು ಪೆಟ್ಸ್‌ವಾಲ್ ಲೆನ್ಸಿನ ಕೈಚಳಕವೆಂದು ಬಲ್ಲವರು ಗುರುತಿಸುತ್ತಾರೆ. ಆದರೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದ, ಆತ ಛಾಯಾಗ್ರಾಹಕನೂ ಅಲ್ಲ, ಮಸೂರ ಉಜ್ಜುವ ಕುಶಲಕರ್ಮಿಯೂ ಅಲ್ಲ, ಶುದ್ಧ ಗಣಿತದ ಪ್ರಾಧ್ಯಾಪಕ ಎಂಬುದು ಬಹುಮಂದಿಗೆ ತಿಳಿದಿಲ್ಲ. ಲೋಕಕ್ಕೆ ತನ್ನ ಮುಖವನ್ನು ಕಾಣುವ ಭಾಗ್ಯ ಕೊಟ್ಟ ಈ ಮನುಷ್ಯ, ತಾನು ಮಾತ್ರ ಲೋಕಕ್ಕೆ ಮುಖ ತಿರುಗಿಸಿ ಕಣ್ಮುಚ್ಚಿದ್ದು ವಿಜ್ಞಾನದ ಇತಿಹಾಸದ ವಿಷಾದಕರ ಅಧ್ಯಾಯಗಳಲ್ಲಿ ಒಂದು.

ಶಾಲಾ ಶಿಕ್ಷಕನ ಮಗ

ಜೋಸೆಫ್ ಪೆಟ್ಸ್‌ವಾಲ್ ಜನಿಸಿದ್ದು 1807ರ ಜನವರಿ 6ರಂದು, ಆಗಿನ ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಸ್ಪಿಶ್‌ಸ್ಕಾ ಬೆಲಾ ಎಂಬ ಪುಟ್ಟ ಪಟ್ಟಣದಲ್ಲಿ. ಅದೀಗ ಸ್ಲೊವಾಕಿಯಾ ದೇಶದಲ್ಲಿದೆ. ತಂದೆ ಶಾಲಾ ಶಿಕ್ಷಕ, ಸಂಗೀತವನ್ನೂ ಬಲ್ಲವನಾಗಿದ್ದ. ಮನೆಯಲ್ಲಿ ಮೂವರು ಗಂಡುಮಕ್ಕಳು. ಬಾಲ್ಯದಲ್ಲಿ ಗಣಿತವೆಂದರೆ ಜೋಸೆಫ್‌ಗೆ ಕಬ್ಬಿಣದ ಕಡಲೆಯಾಗಿತ್ತು, ಹುಡುಗನನ್ನು ಚಮ್ಮಾರಿಕೆಗೆ ಹಚ್ಚುವ ಮಾತೂ ಮನೆಯಲ್ಲಿ ನಡೆದಿತ್ತು, ಅಷ್ಟರಲ್ಲಿ ರಜೆಯಲ್ಲಿ ಕೈಗೆ ಸಿಕ್ಕ ಒಂದು ಗಣಿತ ಪುಸ್ತಕ ಆತನ ದಿಕ್ಕನ್ನೇ ಬದಲಿಸಿತು ಎಂಬ ಕಥೆ ಆ ಭಾಗದಲ್ಲಿ ಇಂದಿಗೂ ಪ್ರಚಲಿತ. ಕಥೆಯಲ್ಲಿ ಉತ್ಪ್ರೇಕ್ಷೆ ಎಷ್ಟೇ ಇರಲಿ, ಮುಂದೆ ಗಣಿತವೇ ಆತನ ಬದುಕಾದದ್ದು ನಿಜ.

ಲೆವೋಚಾ, ಕೋಶಿತ್ಸೆ ಪಟ್ಟಣಗಳಲ್ಲಿ ವ್ಯಾಸಂಗ ಮಾಡಿದ ಪೆಟ್ಸ್‌ವಾಲ್, 1826ರಲ್ಲಿ ಪೆಷ್ಟ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗವನ್ನು ಸೇರಿದ. 1828ರಲ್ಲಿ ಪದವಿ ಪಡೆದು ಅದೇ ನಗರದ ಆಡಳಿತದಲ್ಲಿ ಎಂಜಿನಿಯರ್ ಆದ. ಡ್ಯಾನ್ಯೂಬ್ ನದಿಯ ದಡದ ಆ ನಗರಕ್ಕೆ ನೆರೆಯ ಭಯ ಸದಾ ಇತ್ತು. ಪ್ರವಾಹ ತಡೆ, ಕಟ್ಟೆ ಹಾಗೂ ಒಳಚರಂಡಿಗಳ ಯೋಜನೆ ಆತನ ಹೊಣೆಯಾಯಿತು. ಹಗಲು ಚರಂಡಿಗಳ ಲೆಕ್ಕ, ಬಿಡುವಿನಲ್ಲಿ ಉನ್ನತ ಗಣಿತ. 1832ರಲ್ಲಿ ಡಾಕ್ಟರೇಟ್ ಪಡೆದು, 1835ರಲ್ಲಿ ಪೆಷ್ಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಎರಡೇ ವರ್ಷಗಳಲ್ಲಿ, ಅಂದರೆ 1837ರಲ್ಲಿ, ವಿಯೆನ್ನಾ ವಿಶ್ವವಿದ್ಯಾಲಯ ಆತನನ್ನು ಗಣಿತ ಪೀಠಕ್ಕೆ ಆಹ್ವಾನಿಸಿತು. ಮುಂದಿನ ನಲವತ್ತು ವರ್ಷ ಆ ಪೀಠ ಆತನದೇ ಆಗಿತ್ತು.

ಅಲುಗಾಡದೆ ಕೂರುವ ಶಿಕ್ಷೆ

1839ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಡಾಗೆರ್‌ನ ಛಾಯಾಗ್ರಹಣ ವಿಧಾನ ಬಹಿರಂಗವಾದಾಗ ಯುರೋಪು ಬೆರಗಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಬೆಳಕು ತಾನೇ ಚಿತ್ರ ಬರೆಯುತ್ತಿತ್ತು. ಆದರೆ ಆ ಬೆರಗಿಗೆ ಒಂದು ಮಿತಿಯಿತ್ತು. ಅಂದಿನ ಕ್ಯಾಮರಾಗಳಲ್ಲಿದ್ದುದು ಚಾರ್ಲ್ಸ್ ಶೆವಾಲಿಯೆ ರೂಪಿಸಿದ ಸರಳ ಮಸೂರ. ಸ್ಪಷ್ಟತೆಗಾಗಿ ಅದರ ರಂಧ್ರವನ್ನು ಎಫ್/14ಕ್ಕಿಂತ ಕಿರಿದಾಗಿಸಬೇಕಿತ್ತು. ಹೀಗಾಗಿ ಒಂದು ಚಿತ್ರ ಮೂಡಲು ಹತ್ತು, ಇಪ್ಪತ್ತು ನಿಮಿಷಗಳೇ ಬೇಕಾಗುತ್ತಿದ್ದವು. ಕಟ್ಟಡ, ಸೇತುವೆ, ಪ್ರತಿಮೆಗಳಿಗೆ ಇದು ಸಾಕು. ಉಸಿರಾಡುವ, ಕಣ್ಣು ಮಿಟುಕಿಸುವ ಮನುಷ್ಯನಿಗೆ? ಉರಿಬಿಸಿಲಿನಲ್ಲಿ ಅಷ್ಟು ಹೊತ್ತು ಅಲುಗಾಡದೆ ಕೂರುವುದು ಶಿಕ್ಷೆಯೇ ಸರಿ.

ಆಗ ಪ್ಯಾರಿಸಿನಲ್ಲಿದ್ದ ವಿಯೆನ್ನಾದ ಭೌತಶಾಸ್ತ್ರ ಪ್ರಾಧ್ಯಾಪಕ ಆಂಡ್ರಿಯಾಸ್ ಫಾನ್ ಎಟಿಂಗ್ಸ್‌ಹೌಸೆನ್ ಊರಿಗೆ ಮರಳಿ, ಈ ಕೊರತೆಯನ್ನು ಸಹೋದ್ಯೋಗಿ ಪೆಟ್ಸ್‌ವಾಲ್‌ನ ಮುಂದಿಟ್ಟ. ಅಲ್ಲಿಯವರೆಗೆ ಮಸೂರ ತಯಾರಿಕೆಯೆಂದರೆ ಉಜ್ಜುವುದು, ನೋಡುವುದು, ಮತ್ತೆ ಉಜ್ಜುವುದು. ಅನುಭವ ಮತ್ತು ಅದೃಷ್ಟಗಳ ವ್ಯವಹಾರ. ಪೆಟ್ಸ್‌ವಾಲ್ ಗಾಜನ್ನು ಮುಟ್ಟುವ ಮೊದಲು ಕಾಗದ ಹಿಡಿದ. ಬೆಳಕಿನ ಕಿರಣ ಒಂದೊಂದು ಮೇಲ್ಮೈಯಲ್ಲೂ ಎಷ್ಟು ಬಾಗುತ್ತದೆಂಬುದನ್ನು ಲೆಕ್ಕ ಹಾಕಿ, ದೋಷಗಳು ಪರಸ್ಪರ ಕಳೆದುಹೋಗುವಂತೆ ಗಾಜುಗಳನ್ನು ಜೋಡಿಸುವುದು ಆತನ ಮಾರ್ಗ. ಈ ಗುಣಾಕಾರ ಭಾಗಾಕಾರಗಳ ರಾಶಿ ಒಬ್ಬನಿಂದ ಮುಗಿಯುವಂಥದಲ್ಲ. ಸೇನೆಯ ಫಿರಂಗಿದಳದ ಮುಖ್ಯಸ್ಥನಾಗಿದ್ದ ಆರ್ಚ್‌ಡ್ಯೂಕ್ ಲುಡ್ವಿಗ್, ಗುಂಡಿನ ಪಥದ ಲೆಕ್ಕಗಳಲ್ಲಿ ಪಳಗಿದ್ದ ತನ್ನ ಕೆಲವು ಸೈನಿಕರನ್ನು ಪೆಟ್ಸ್‌ವಾಲ್‌ನ ನೆರವಿಗೆ ಕಳುಹಿಸಿದ. ಫಿರಂಗಿಗೆ ಗುರಿ ಹಿಡಿಯುತ್ತಿದ್ದವರು ಮನುಷ್ಯನ ಮುಖಕ್ಕೆ ಬೆಳಕು ಗುರಿಯಿಡುವ ಕೆಲಸಕ್ಕೆ ತೊಡಗಿದರು.

ಸುಮಾರು ಆರು ತಿಂಗಳ ಶ್ರಮದ ಬಳಿಕ, 1840ರಲ್ಲಿ ವಿನ್ಯಾಸ ಸಿದ್ಧವಾಯಿತು. ನಾಲ್ಕು ಗಾಜುಗಳು, ಮುಂದಿನ ಎರಡು ಅಂಟಿಸಿದ ಜೋಡಿ, ಹಿಂದಿನ ಎರಡರ ನಡುವೆ ತುಸು ಗಾಳಿಯ ಅಂತರ. ರಂಧ್ರದ ಅಳತೆ ಎಫ್/3.6. ಹಳೆಯ ಮಸೂರಕ್ಕಿಂತ 15 ಪಟ್ಟಿಗೂ ಹೆಚ್ಚು ಬೆಳಕು ತಗಡಿನ ಮೇಲೆ ಬೀಳತೊಡಗಿತು. ಹತ್ತಾರು ನಿಮಿಷಗಳ ಕೆಲಸ ಒಂದೆರಡು ನಿಮಿಷಕ್ಕಿಳಿಯಿತು. ತಗಡಿನ ರಾಸಾಯನಿಕ ಸಂವೇದನೆಯೂ ಅದೇ ವೇಳೆಗೆ ಸುಧಾರಿಸಿದ್ದರಿಂದ ಮುಂದೆ ಅದು ಸೆಕೆಂಡುಗಳ ಮಾತಾಯಿತು. ಭಾವಚಿತ್ರದ ಸ್ಟುಡಿಯೊ ಎಂಬ ಉದ್ಯಮ ಯುರೋಪ್, ಅಮೆರಿಕಗಳಲ್ಲಿ ತಲೆ ಎತ್ತಿದ್ದು ಈ ಲೆನ್ಸಿನ ಬಲದಿಂದ. ಕೋಲ್ಕತ್ತದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರಾದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ 1864ರಲ್ಲಿ ತೆಗೆದ ಮೊದಲ ಭಾವಚಿತ್ರಗಳಿಗೂ ಇದೇ ಮಾದರಿಯ, ಪ್ಯಾರಿಸಿನಲ್ಲಿ ತಯಾರಾದ ಲೆನ್ಸ್ ಆಧಾರವಾಗಿತ್ತು.

ಎರಡು ಸಾವಿರ ಗುಲ್ಡನ್

ವಿನ್ಯಾಸವನ್ನು ಗಾಜಿಗಿಳಿಸಿದವನು ವಿಯೆನ್ನಾದ ಪ್ರಸಿದ್ಧ ದೃಗುಪಕರಣ ತಯಾರಕ ಫ್ರೀಡ್ರಿಶ್ ಫೋಗ್ಟ್‌ಲೆಂಡರ್. ಆತನ ಕಾರ್ಖಾನೆ ಈ ಲೆನ್ಸ್ ಅಳವಡಿಸಿದ, ಪೂರ್ಣ ಲೋಹದ ಕ್ಯಾಮರಾವನ್ನು ಮಾರುಕಟ್ಟೆಗೆ ತಂದಿತು. ಸುಮಾರು 9 ಸೆಂಟಿಮೀಟರ್ ವ್ಯಾಸದ ದುಂಡನೆಯ ಚಿತ್ರಗಳನ್ನು ಅದು ಮೂಡಿಸುತ್ತಿತ್ತು. ಗಣಿತಜ್ಞನಿಗೆ ದೊರೆತದ್ದು ಒಂದೇ ಬಾರಿಗೆ 2000 ಗುಲ್ಡನ್. ಇಬ್ಬರ ನಡುವೆ ಲಾಭ ಹಂಚಿಕೆಯ ಸ್ಪಷ್ಟ ಕರಾರು ಇರಲಿಲ್ಲ. ಲೆನ್ಸ್‌ಗಳು ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದವು. ತಯಾರಕ ಶ್ರೀಮಂತನಾದ, ವಿನ್ಯಾಸಕ ಸಂಬಳದ ಪ್ರಾಧ್ಯಾಪಕನಾಗಿಯೇ ಉಳಿದ.

1845ರ ವೇಳೆಗೆ ಇಬ್ಬರ ನಂಟು ಹರಿಯಿತು. 1849ರಲ್ಲಿ ಫೋಗ್ಟ್‌ಲೆಂಡರ್ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹೊಸ ಕಾರ್ಖಾನೆ ತೆರೆದ. ಆಸ್ಟ್ರಿಯಾದ ಪೇಟೆಂಟ್ ಕಾನೂನಿನ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. ಫ್ರಾನ್ಸ್, ಇಂಗ್ಲೆಂಡ್‌ಗಳ ತಯಾರಕರೂ ವಿನ್ಯಾಸವನ್ನು ನಕಲು ಮಾಡಿದರು. 1850ರ ದಶಕದಲ್ಲಿ ಪೆಟ್ಸ್‌ವಾಲ್ ಮತ್ತೊಮ್ಮೆ ಅದೃಷ್ಟ ಪರೀಕ್ಷೆಗಿಳಿದು, ಡೀಟ್ಸ್ಲರ್ ಎಂಬ ವಿಯೆನ್ನಾದ ತಯಾರಕನೊಡನೆ ಭೂದೃಶ್ಯಗಳಿಗಾಗಿ ಇನ್ನೊಂದು ಲೆನ್ಸನ್ನು ಹೊರತಂದ. ಆದರೆ ಅದರ ಮೂಲ ಲೆಕ್ಕಗಳು 1840ರಲ್ಲೇ ಫೋಗ್ಟ್‌ಲೆಂಡರ್‌ನ ಕೈ ಸೇರಿದ್ದವು. ಆತನೂ ಅಂಥದೇ ಲೆನ್ಸನ್ನು ಮಾರಾಟಕ್ಕಿಟ್ಟ. ಬಹಿರಂಗ ಜಗಳ ನಡೆಯಿತು. ದೊಡ್ಡ ಕಾರ್ಖಾನೆಯ ಎದುರು ಸಣ್ಣ ತಯಾರಕ ನಿಲ್ಲಲಾರದೆ 1862ರಲ್ಲಿ ಡೀಟ್ಸ್ಲರ್‌ನ ವ್ಯವಹಾರ ಮುಳುಗಿತು.

ಇಷ್ಟು ಸಾಲದೆಂಬಂತೆ 1859ರಲ್ಲಿ ಪೆಟ್ಸ್‌ವಾಲ್‌ನ ಮನೆಗೆ ಕಳ್ಳರು ನುಗ್ಗಿದರು. ವರ್ಷಗಳಿಂದ ಬರೆದಿಟ್ಟಿದ್ದ ದೃಗ್ವಿಜ್ಞಾನದ ಹಸ್ತಪ್ರತಿಗಳು ನಾಶವಾದವು. ಆತ ಸಿದ್ಧಪಡಿಸುತ್ತಿದ್ದ ಮಹಾಗ್ರಂಥ ಮತ್ತೆ ರೂಪ ತಳೆಯಲೇ ಇಲ್ಲ. 1843ರಲ್ಲಿ ಪ್ರಕಟಿಸಿದ್ದ ಕಿರುವರದಿಯಂಥ ಕೆಲವು ಬರಹಗಳು ಮಾತ್ರ ಉಳಿದವು. ಆತ ದೃಗ್ವಿಜ್ಞಾನದಿಂದ ಕೈತೊಳೆದುಕೊಂಡು ಧ್ವನಿಶಾಸ್ತ್ರದತ್ತ ತಿರುಗಿದ.

ತಪ್ಪಿದ ಲೆಕ್ಕ

ಪೆಟ್ಸ್‌ವಾಲ್ ಬರಿಯ ಅನ್ಯಾಯಕ್ಕೊಳಗಾದವನಷ್ಟೇ ಅಲ್ಲ, ಇನ್ನೊಬ್ಬರಿಗೆ ಅನ್ಯಾಯ ಮಾಡಿದವನೂ ಹೌದು. 1849ರಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯ ಸದಸ್ಯನಾದ ಆತ, 1852ರಲ್ಲಿ ಅದೇ ವೇದಿಕೆಯಲ್ಲಿ ಸಹೋದ್ಯೋಗಿ ಕ್ರಿಶ್ಚಿಯನ್ ಡಾಪ್ಲರ್ ವಿರುದ್ಧ ತಿರುಗಿಬಿದ್ದ. ಚಲಿಸುವ ಮೂಲದಿಂದ ಹೊರಟ ಅಲೆಯ ಆವರ್ತನ ಕೇಳುಗನಿಗೆ ಬೇರೆಯಾಗಿ ತೋರುತ್ತದೆಂಬುದು ಡಾಪ್ಲರ್‌ನ ಸಿದ್ಧಾಂತ. ಅಷ್ಟು ಸರಳ ಸೂತ್ರದಲ್ಲಿ ಪ್ರಕೃತಿಯ ದೊಡ್ಡ ಸತ್ಯ ಅಡಗಿರಲಾರದು, ಅವಕಲನ ಸಮೀಕರಣಗಳಿಲ್ಲದೆ ವಿಜ್ಞಾನವೇ ಇಲ್ಲ ಎಂಬುದು ಪೆಟ್ಸ್‌ವಾಲ್‌ನ ಹಟ. ರೈಲಿನ ಮೇಲೆ ಕಹಳೆ ಊದಿಸಿ 1845ರಲ್ಲೇ ಬಾಯ್ಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿ ಡಾಪ್ಲರ್‌ನ ಮಾತನ್ನು ಸಾಬೀತುಪಡಿಸಿದ್ದರೂ ಅಕಾಡೆಮಿಯ ಒಲವು ಗಣಿತ ಪ್ರಾಧ್ಯಾಪಕನತ್ತ ವಾಲಿತು. ಕಾಯಿಲೆಯಿಂದ ಜರ್ಜರಿತನಾಗಿದ್ದ ಡಾಪ್ಲರ್ ವೆನಿಸ್‌ಗೆ ತೆರಳಿ 1853ರ ಮಾರ್ಚ್‌ನಲ್ಲಿ ತೀರಿಕೊಂಡ. ಕಾಲ ಮಾತ್ರ ಡಾಪ್ಲರ್‌ನನ್ನು ಗೆಲ್ಲಿಸಿತು. ನಕ್ಷತ್ರಗಳ ವೇಗದಿಂದ ಹಿಡಿದು ಹೃದಯದ ರಕ್ತಪರಿಚಲನೆಯವರೆಗೆ ಆತನ ಸಿದ್ಧಾಂತ ಬಳಕೆಯಾಗುತ್ತಿದೆ.

ಏಕಾಂತದ ಕೊನೆ

ಪೆಟ್ಸ್‌ವಾಲ್‌ನ ಬದುಕಿನ ಶೈಲಿಯೇ ವಿಯೆನ್ನಾದ ಜನರ ಕುತೂಹಲದ ವಸ್ತುವಾಗಿತ್ತು. ನಗರದಂಚಿನ ಕಾಲೆನ್‌ಬರ್ಗ್ ಬೆಟ್ಟದ ಮೇಲಿನ ಪಾಳುಬಿದ್ದ ಮಠವೊಂದರಲ್ಲಿ ವಾಸ. ಪಾಠಕ್ಕೆ ಬರುತ್ತಿದ್ದುದು ಕಪ್ಪು ಕುದುರೆಯೇರಿ. ಕತ್ತಿವರಸೆಯಲ್ಲಿ ನಿಪುಣ. 1869ರಲ್ಲಿ, ಅರವತ್ತು ದಾಟಿದ ಮೇಲೆ, ಮನೆಗೆಲಸ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಮದುವೆಯಾದ. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡಳು. 1877ರಲ್ಲಿ ನಿವೃತ್ತನಾದ ಬಳಿಕ ಆತ ಜನಸಂಪರ್ಕವನ್ನೇ ತೊರೆದ. 1891ರ ಸೆಪ್ಟೆಂಬರ್‌ನಲ್ಲಿ, 84ನೇ ವಯಸ್ಸಿನಲ್ಲಿ, ವಿಯೆನ್ನಾದಲ್ಲಿ ನಿಧನನಾದಾಗ ಹೊಸ ತಲೆಮಾರಿನ ಛಾಯಾಗ್ರಾಹಕರು ಆತನನ್ನು ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದರು.

ಗೌರವ ತಡವಾಗಿ ಬಂತು. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಆತನ ಪ್ರತಿಮೆ ನಿಂತಿತು. ಚಂದ್ರನ ಮರೆಯ ಬದಿಯ ಕುಳಿಯೊಂದಕ್ಕೆ ಆತನ ಹೆಸರಿಡಲಾಯಿತು. ಹುಟ್ಟಿದ ಮನೆ ಇಂದು ವಸ್ತುಸಂಗ್ರಹಾಲಯ. ಬಿಂಬತಲದ ವಕ್ರತೆಯನ್ನು ಅಳೆಯುವ ಪೆಟ್ಸ್‌ವಾಲ್ ಮೊತ್ತವೆಂಬ ಸೂತ್ರವನ್ನು ಲೆನ್ಸ್ ವಿನ್ಯಾಸಕರು ಈಗಲೂ ಬಳಸುತ್ತಾರೆ.

ಹೊಸ ಕ್ಯಾಮರಾ, ಹಳೆಯ ಗಾಜು

ಪೆಟ್ಸ್‌ವಾಲ್ ವಿನ್ಯಾಸ ಮಧ್ಯಭಾಗದಲ್ಲಿ ಅತಿ ಸ್ಪಷ್ಟ, ಅಂಚಿನಲ್ಲಿ ಮಸುಕು. ಬೆಳಕಿಗಾಗಿ ಗಣಿತಜ್ಞ ಅಂದು ತೆತ್ತ ಬೆಲೆಯದು. ಆ ದೋಷವೇ ಇಂದು ಗುಣವಾಗಿದೆ. 2013ರಲ್ಲಿ ಲೋಮೋಗ್ರಫಿ ಸಂಸ್ಥೆ ಸಾರ್ವಜನಿಕ ದೇಣಿಗೆಯ ಮೂಲಕ 85 ಮಿ.ಮೀ. ಪೆಟ್ಸ್‌ವಾಲ್ ಲೆನ್ಸನ್ನು ಹಿತ್ತಾಳೆಯ ಕವಚದಲ್ಲಿ ಪುನಃ ರೂಪಿಸಲು ಹೊರಟಾಗ 13 ಲಕ್ಷ ಡಾಲರಿಗೂ ಹೆಚ್ಚು ಹಣ ಹರಿದುಬಂತು.

ಹಳೆಯದನ್ನೇ ಕೊಳ್ಳಬಯಸುವವರು ಕೆಲವು ಸಂಗತಿ ತಿಳಿದಿರಬೇಕು. ಹತ್ತೊಂಬತ್ತನೇ ಶತಮಾನದ ಹಿತ್ತಾಳೆ ಲೆನ್ಸ್‌ಗಳು ದೊಡ್ಡ ಫಲಕಗಳಿಗಾಗಿ ಮಾಡಿದವು. 24×36 ಮಿ.ಮೀ. ಅಳತೆಯ ಇಂದಿನ ಸಂವೇದಕಕ್ಕೆ ಅವುಗಳ ಮಧ್ಯಭಾಗ ಮಾತ್ರ ಸಿಗುವುದರಿಂದ ನಿರೀಕ್ಷಿಸಿದ ಸುಳಿ ಕಾಣಿಸುವುದೇ ಇಲ್ಲ. ಸುಳಿ ಬೇಕೆನ್ನುವವರಿಗೆ ಅದೇ ವಿನ್ಯಾಸದ, ಕಡಿಮೆ ನಾಭಿದೂರದ ಹಳೆಯ ಸಿನಿಮಾ ಪ್ರೊಜೆಕ್ಟರ್ ಲೆನ್ಸ್‌ಗಳು ಸೂಕ್ತ. ಆದರೆ ಅವುಗಳಲ್ಲಿ ರಂಧ್ರ ಹಿಗ್ಗಿಸುವ ಕುಗ್ಗಿಸುವ ವ್ಯವಸ್ಥೆಯಾಗಲಿ, ಫೋಕಸ್ ಉಂಗುರವಾಗಲಿ ಇರುವುದಿಲ್ಲ. ತಿರುಪಿನ ಕೊಳವೆಯೊಂದನ್ನು ಬೇರೆಯಾಗಿ ಜೋಡಿಸಬೇಕು. ಲೆನ್ಸ್ ಕೂರುವ ಜಾಗಕ್ಕೂ ಸಂವೇದಕಕ್ಕೂ ಸುಮಾರು 20 ಮಿ.ಮೀ. ಅಂತರವಷ್ಟೇ ಇರುವ ಕನ್ನಡಿರಹಿತ ಕ್ಯಾಮರಾಗಳಲ್ಲಿ ಇದು ಸುಲಭ. ಅವುಗಳ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿ ಕಣ್ಣಿಗೆ ಫೋಕಸ್ ಹಿಡಿಯಬಹುದು. ಕೊಳ್ಳುವ ಮುನ್ನ ಮುಂದಿನ ಜೋಡಿಯ ಅಂಟು ಬಿಟ್ಟಿದೆಯೇ, ಗಾಜಿನಲ್ಲಿ ಬೂಸ್ಟು ಹಿಡಿದಿದೆಯೇ, ಹಿಂದೊಮ್ಮೆ ಒರೆಸಲು ಬಿಚ್ಚಿದವರು ಗಾಜುಗಳನ್ನು ತಿರುಗುಮುರುಗಾಗಿ ಕೂಡಿಸಿದ್ದಾರೆಯೇ ಎಂಬುದನ್ನು ಪರೀಕ್ಷಿಸುವುದು ಒಳಿತು. ಭಾವಚಿತ್ರ ತೆಗೆಯುವಾಗ ಮುಖವನ್ನು ಚೌಕಟ್ಟಿನ ನಡುವಿಗೆ ತರಬೇಕು. ಅಂಚಿಗೆ ಸರಿದರೆ ಮುಖವೇ ಸುಳಿಯಲ್ಲಿ ಕರಗುತ್ತದೆ.

ಲೆನ್ಸಿನ ಹಿತ್ತಾಳೆಯ ಮೇಲೆ ಶತಮಾನದ ಕಾಲ ಕೆತ್ತಿರುತ್ತಿದ್ದುದು ಹೆಚ್ಚಾಗಿ ತಯಾರಕರ ಹೆಸರು, ಲೆಕ್ಕ ಹಾಕಿದವನ ಹೆಸರಲ್ಲ. ಇಂದು ಪರಿಸ್ಥಿತಿ ಬದಲಾಗಿದೆ. ಅಂಗಡಿಯಲ್ಲಿ ಗಿರಾಕಿ ಹೆಸರು ಹಿಡಿದು ಕೇಳುವುದು ಪೆಟ್ಸ್‌ವಾಲ್‌ನನ್ನು. 2000 ಗುಲ್ಡನ್‌ಗೆ ಕೈತಪ್ಪಿದ ಹಕ್ಕಿನಲ್ಲಿ ಹೆಸರೊಂದಾದರೂ, ಬಹಳ ತಡವಾಗಿ, ಆ ಪ್ರಾಧ್ಯಾಪಕನಿಗೆ ಮರಳಿ ದಕ್ಕಿದೆ.