ರಿಚರ್ಡ್ ಕ್ಯಾರಿಂಗ್ಟನ್

ಆವನಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಹೊಸಕೋಟೆಯಲ್ಲಿ ಸಿದ್ಧವಾದ ಸೂರ್ಯವೀಕ್ಷಕ ಯಂತ್ರವೊಂದು 2023ನೆಯ ಸೆಪ್ಟೆಂಬರಿನಲ್ಲಿ ಆದಿತ್ಯ-ಎಲ್1 ನೌಕೆಯೊಡನೆ ಅಂತರಿಕ್ಷಕ್ಕೇರಿದುದನ್ನು ನಮ್ಮ ಕೋಲಾರ ಸೀಮೆಯ ವಾಚಕರು ಬಲ್ಲರು. ಸೂರ್ಯನ ಹೊರಾವರಣದ ಸ್ಫೋಟಗಳನ್ನು ಕಾಯುವುದು ಅದರ ಕೆಲಸ. ಆ ಕೆಲಸಕ್ಕೆ ಮೊದಲಿಗನಾದವನನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಕೃತವಾಗಲಾರದೆಂದು ಭಾವಿಸುತ್ತೇವೆ.

ಕ್ಯಾರಿಂಗ್ಟನ್ನನು 1826ರಲ್ಲಿ ಲಂಡನ್ನಿನಲ್ಲಿ, ಬೀರು ತಯಾರಿಸುವ ಧನಿಕನೊಬ್ಬನ ಮಗನಾಗಿ ಹುಟ್ಟಿದನು. ಪಾದ್ರಿಯಾಗಬೇಕಾಗಿದ್ದವನನ್ನು ಕೇಂಬ್ರಿಜ್ಜಿನಲ್ಲಿ ಕೇಳಿದ ಖಗೋಳಶಾಸ್ತ್ರದ ಉಪನ್ಯಾಸಗಳು ಬೇರೆಡೆಗೆ ಸೆಳೆದವು. ಡರ್ಹ್ಯಾಮಿನಲ್ಲಿ ಕೆಲಕಾಲ ವೀಕ್ಷಕನಾಗಿದ್ದು, ಅಲ್ಲಿಯ ಉಪಕರಣಗಳ ಬಡತನಕ್ಕೆ ಬೇಸತ್ತು, ರೆಡ್‌ಹಿಲ್ಲಿನಲ್ಲಿ ಸ್ವಂತ ವೀಕ್ಷಣಾಲಯವನ್ನು ಕಟ್ಟಿಸಿದನು. ರಾತ್ರಿ ನಕ್ಷತ್ರಗಳು, ಹಗಲು ಸೂರ್ಯನ ಕಲೆಗಳು. ಸೂರ್ಯನ ನಡುಭಾಗವು ಧ್ರುವಗಳ ಕಡೆಯ ಭಾಗಗಳಿಗಿಂತ ಬೇಗ ತಿರುಗುತ್ತದೆಂಬುದನ್ನು ಹೀಗೆಯೇ ಕಂಡುಹಿಡಿದನು.

1859ನೆಯ ಸೆಪ್ಟೆಂಬರ್ 1ರಂದು ಬೆಳಗಿನ ಹನ್ನೊಂದು ಗಂಟೆ ದಾಟಿತ್ತು. ಗಾಜಿನ ಹಲಗೆಯ ಮೇಲೆ ಬೀಳಿಸಿಕೊಂಡಿದ್ದ ಸೂರ್ಯಬಿಂಬದಲ್ಲಿ, ದೊಡ್ಡದೊಂದು ಕಲೆಗಳ ಗುಂಪಿನ ಮೇಲೆ, ಎರಡು ಕಡೆ ಬಿಳಿಯ ಬೆಳಕು ಹೊತ್ತಿಕೊಂಡಿತು. ಸಾಕ್ಷಿಗೆ ಯಾರನ್ನಾದರೂ ಕರೆಯಲೆಂದು ಓಡಿದನು. ನಿಮಿಷದೊಳಗೆ ಹಿಂದಿರುಗುವಷ್ಟರಲ್ಲಿ ಅದು ಕುಂದಿತ್ತು. ಐದೇ ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ದೈವವಶಾತ್ ಹಾಡ್ಜ್‌ಸನ್ನನೆಂಬವನೂ ಬೇರೊಂದೆಡೆಯಿಂದ ಅದನ್ನೇ ಕಂಡಿದ್ದನು, ಇಲ್ಲವಾದರೆ ನಂಬುವವರಾರು?

ಸುಮಾರು ಹದಿನೇಳೂವರೆ ಗಂಟೆಗಳ ತರುವಾಯ ಭೂಮಿಯ ಕಾಂತಕ್ಷೇತ್ರವು ಅಲ್ಲೋಲಕಲ್ಲೋಲವಾಯಿತು. ತಂತಿ ಕಚೇರಿಗಳಲ್ಲಿ ಕಿಡಿಗಳು ಹಾರಿದವು. ಅಮೆರಿಕದಲ್ಲಿ ಬ್ಯಾಟರಿಯನ್ನು ಕಳಚಿಟ್ಟರೂ ವರ್ತಮಾನಗಳು ಸಾಗಿದವು. ಧ್ರುವಪ್ರಭೆಯು ಕ್ಯೂಬಾದವರೆಗೂ ಕಾಣಿಸಿತು. ನಮ್ಮ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಬಲದ ಸಮತಲಾಂಶವು ಸುಮಾರು 1600 ನ್ಯಾನೊಟೆಸ್ಲಾಗಳಷ್ಟು ಕುಸಿದುದು ದಾಖಲೆಯಾಗಿದೆ. ಆ ಕ್ಷೋಭೆಯ ಬಲವನ್ನು ವಿದ್ವಾಂಸರು ಅಂದಾಜು ಮಾಡುವಾಗ ಈ ಲೆಕ್ಕವನ್ನೇ ಮುಖ್ಯವಾಗಿ ನೆಚ್ಚುತ್ತಾರೆ. ಅದಕ್ಕಿಂತ ಬಹು ಸಣ್ಣದಾದ 1989ರ ಕ್ಷೋಭೆಯೇ ಕೆನಡದ ಕ್ವಿಬೆಕ್ಕಿನಲ್ಲಿ ಅರುವತ್ತು ಲಕ್ಷ ಜನರನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿಟ್ಟಿತು. ಕ್ಯಾರಿಂಗ್ಟನ್ನನಾದರೋ, ಒಂದೇ ಪ್ರಸಂಗದಿಂದ ಕಾರ್ಯಕಾರಣವನ್ನು ಸಾಧಿಸಲು ಒಪ್ಪಲಿಲ್ಲ. ಆ ದರ್ಶನಕ್ಕಿಂತಲೂ ಈ ಸಂಯಮವನ್ನೇ ನಾವು ದೊಡ್ಡದೆಂದು ಎಣಿಸುತ್ತೇವೆ.

ಮುಂದಿನ ಕಥೆ ಸುಖದ್ದಲ್ಲ. 1858ರಲ್ಲಿ ತಂದೆ ತೀರಿಕೊಂಡು, ಬೀರಿನ ಕಾರ್ಖಾನೆಯ ಭಾರವು ಇವನ ಹೆಗಲೇರಿತ್ತು. ಸೂರ್ಯಕಲೆಗಳ ಹನ್ನೊಂದು ವರ್ಷಗಳ ಪೂರ್ಣ ಚಕ್ರವನ್ನು ನೋಡಿ ಮುಗಿಸಬೇಕೆಂಬ ಸಂಕಲ್ಪವು 1861ರಲ್ಲಿಯೇ ಮುರಿಯಿತು. ವೀಕ್ಷಣಾಲಯದ ಹುದ್ದೆಯನ್ನು ಬಯಸಿದನು, ದೊರೆಯಲಿಲ್ಲ. ಅಷ್ಟೊಂದು ಸಿರಿವಂತ ದೇಶಕ್ಕೆ ಇಂಥವನೊಬ್ಬನನ್ನು ಕಾರ್ಖಾನೆಯ ಲೆಕ್ಕಪುಸ್ತಕದಿಂದ ಬಿಡಿಸಿಕೊಳ್ಳಲಾಗದೆ ಹೋದುದು ಸೋಜಿಗವೇ ಸರಿ. 1875ರ ನವೆಂಬರಿನಲ್ಲಿ ಪತ್ನಿ ಮಡಿದಳು. ಅದೇ ತಿಂಗಳು, ತನ್ನ 49ನೆಯ ವಯಸ್ಸಿನಲ್ಲಿ, ಅವನೂ ತೀರಿಕೊಂಡನು. ಸೂರ್ಯನ ಸುತ್ತುಗಳನ್ನು, 27 ದಿನಗಳಿಗೆ ತುಸು ಮಿಕ್ಕು ಒಂದರಂತೆ, 1853ನೆಯ ನವೆಂಬರಿನಿಂದ ಮೊದಲುಮಾಡಿ ಇಂದಿಗೂ ಅವನ ಹೆಸರಿನಲ್ಲಿಯೇ ಎಣಿಸುತ್ತಾರೆ.