ಹಂಚಿಕೊಂಡು ದುಡಿದ ಹಿರಿಯ: ಸಂತ ಜೋಸೆಫ್ ವಾಜ್

1681ರಲ್ಲಿ ಗೋವೆಯಿಂದ ಕೆನರಾ ಪ್ರಾಂತ್ಯಕ್ಕೆ ಬಂದ ಮೂವತ್ತು ವರ್ಷದ ಗುರು ಜೋಸೆಫ್ ವಾಜ್ ಅವರ ಕಣ್ಣಿಗೆ ಮೊದಲು ಬಿದ್ದುದು ಒಡೆದ ಮನೆಯಂತಿದ್ದ ನಮ್ಮ ಕರಾವಳಿಯ ಕ್ರೈಸ್ತ ಸಮುದಾಯ. ಪೋರ್ಚುಗೀಸ್ ಅರಸರ ಪೋಷಣೆಯಲ್ಲಿದ್ದ ಗೋವೆಯ ಅಧಿಕಾರವನ್ನು ಒಪ್ಪಿದವರು ಒಂದು ಕಡೆ. ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ಒಪ್ಪಿದವರು ಇನ್ನೊಂದು ಕಡೆ. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧುವೆಂದು ತಿಳಿಯದೆ ಭಕ್ತರು ತೊಳಲುತ್ತಿದ್ದರು. ವಾಜ್ ಅವರು ಗೋವೆಯ ಪ್ರತಿನಿಧಿಯಾಗಿಯೇ ಬಂದವರು. ಆದರೂ ಪಕ್ಷ ಕಟ್ಟಲಿಲ್ಲ. ಎದುರು ಪಕ್ಷದ ಧರ್ಮಾಧ್ಯಕ್ಷರೊಡನೆ ಮಾತುಕತೆ ನಡೆಸಿ, ಜನರ ಮನಸ್ಸಾಕ್ಷಿಗೆ ನೆಮ್ಮದಿ ದೊರಕುವ ದಾರಿಯನ್ನು ಅರಸಿದರು. ಬರಿಗಾಲಲ್ಲಿ ಊರೂರು ಅಲೆದರು. ಮೂರು ವರ್ಷಗಳ ಆ ಸೇವೆಯ ನೆನಪು ಮುಡಿಪುವಿನಲ್ಲಿ ಇಂದಿಗೂ ಉಳಿದಿದೆ.

1651ರಲ್ಲಿ ಗೋವೆಯ ಬೆನೌಲಿಮ್‌ನಲ್ಲಿ ಜನಿಸಿ 1676ರಲ್ಲಿ ಗುರುದೀಕ್ಷೆ ಪಡೆದ ಅವರು, 1685ರಲ್ಲಿ ಹಳೆಗೋವೆಯ ಭಾರತೀಯ ಗುರುಗಳ ಪುಟ್ಟ ಕೂಟವೊಂದನ್ನು ಸೇರಿದರು. ಸೇರಿದ ಸ್ವಲ್ಪದರಲ್ಲೇ ಸಂಗಡಿಗರು ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು. ಸಂತ ಫಿಲಿಪ್ ನೇರಿಯವರ ಒರಟೋರಿಯ ಕ್ರಮವನ್ನು ಅವರು ಆ ಕೂಟಕ್ಕೆ ಅಳವಡಿಸಿದರು. ಈ ಕ್ರಮದಲ್ಲಿ ವಿಧೇಯತೆಯ ವ್ರತವಿಲ್ಲ. ಸದಸ್ಯರನ್ನು ಕಟ್ಟಿಹಾಕುವುದು ಪರಸ್ಪರ ಪ್ರೀತಿ ಮಾತ್ರ. ಅಪ್ಪಣೆ ಕೊಡಿಸಿ ಕೆಲಸ ಮಾಡಿಸುವ ಹಿರಿಯನಿಗೆ ಅಲ್ಲಿ ಸ್ಥಳವಿರಲಿಲ್ಲವೆನ್ನಬಹುದು.

ಸಿಂಹಳದಲ್ಲಿ ಆಗ ಡಚ್ಚರ ಆಳ್ವಿಕೆಯಿದ್ದ ಕಡೆಗಳಲ್ಲೆಲ್ಲ ಕಥೋಲಿಕ ಗುರುಗಳಿಗೆ ನಿಷೇಧವಿತ್ತು. 1687ರಲ್ಲಿ ವಾಜ್ ಅವರು ಹಿರಿತನವನ್ನು ಬಿಟ್ಟು, ಯೋಹಾನನೆಂಬ ಸೇವಕನೊಡನೆ ಕೂಲಿಯವನ ವೇಷದಲ್ಲಿ ಜಾಫ್ನಾ ತಲುಪಿದರು. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರಂತೆ. ಆ ಜಪಸರವನ್ನು ಕಂಡು ಯಾರ ಮುಖ ಅರಳುವುದೋ ಅವರೇ ತನ್ನವರೆಂದು ಅರಿಯುವ ಉಪಾಯವಿದು. ಮೊದಲು ತಾನು ಅಪಾಯಕ್ಕೆ ಒಡ್ಡಿಕೊಂಡು, ಬಳಿಕ ಇತರರಿಂದ ಧೈರ್ಯವನ್ನು ಅಪೇಕ್ಷಿಸಿದರು. ಮುಂದೆ ಡಚ್ಚರು ಕ್ರಿಸ್ತಜಯಂತಿಯ ರಾತ್ರಿ ದಾಳಿಯಿಟ್ಟು ಭಕ್ತರನ್ನು ಹಿಡಿದು ಹಿಂಸಿಸಿದಾಗಲೂ ಗುರುಗಳು ಅವರ ಕೈಗೆ ಸಿಗಲಿಲ್ಲ.

1692ರಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಅನುಮಾನದ ಮೇಲೆ ಕ್ಯಾಂಡಿಯ ಅರಸನು ಅವರನ್ನು ಸೆರೆಯಲ್ಲಿಟ್ಟನು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಸುರಿದ ಕಥೆಯನ್ನು ಓದುಗರು ಬಲ್ಲರು. ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಸದ್ದಿಲ್ಲದೆ ನಡೆದ ಇನ್ನೊಂದು ಕೆಲಸ. ಸುಮಾರು ಒಂಬತ್ತು ವರ್ಷ ಆ ದ್ವೀಪದಲ್ಲಿ ಅವರಿಗೆ ಜೊತೆಗೊಬ್ಬ ಗುರುವಿರಲಿಲ್ಲ. ಎಲ್ಲವನ್ನೂ ತಾವೇ ಮಾಡುವೆನೆಂದು ಹೊರಟಿದ್ದರೆ ಕೆಲಸ ಕೆಟ್ಟುಹೋಗುತ್ತಿತ್ತು. ಅವರು ಊರಿನ ಗೃಹಸ್ಥರನ್ನು ನಂಬಿದರು. ಹಳ್ಳಿಗಳಲ್ಲಿ ಹಿರಿಯರಿಗೆ ಸಮುದಾಯದ ಹೊಣೆ ವಹಿಸಿದರು. ಅಣ್ಣಾವಿಗಳೆಂಬ ಉಪದೇಶಿಗಳು ಭಾನುವಾರದ ಪ್ರಾರ್ಥನೆ ನಡೆಸಿ, ಮಕ್ಕಳಿಗೆ ಧರ್ಮೋಪದೇಶ ಹೇಳಿ, ಅಗತ್ಯ ಬಿದ್ದಾಗ ಜ್ಞಾನಸ್ನಾನವನ್ನೂ ಕೊಡುತ್ತಿದ್ದರು.

ಗೋವೆಯಿಂದ ಸಹಗುರುಗಳು ಬಂದ ಮೇಲೂ ಇದೇ ರೀತಿ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಅರಸನೂ ಶ್ರೀಮಂತರೂ ನಗರ ಬಿಟ್ಟಾಗ, ವಾಜ್ ಅವರು ಜೋಸೆಫ್ ಕಾರ್ವಾಲೊ ಎಂಬ ಕಿರಿಯ ಗುರುವಿನೊಡನೆ ಅಲ್ಲೇ ನಿಂತು ರೋಗಿಗಳಿಗೆ ಉಣಿಸಿ, ಹುಣ್ಣು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ತಾನು ಕೈಯಿಡದ ಕೆಲಸವನ್ನು ಕಿರಿಯರಿಗೆ ಹೊರಿಸಲಿಲ್ಲ. 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವಿಸರಲ್ಲಿ ಭಾಷಾಪ್ರತಿಭೆಯನ್ನು ಕಂಡು, ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥ ರಚಿಸುವ ಹೊಣೆಯನ್ನು ಪೂರ್ಣವಾಗಿ ಅವರಿಗೇ ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಕೃತಿಗಳು ಹುಟ್ಟಿದುದು ಹೀಗೆ. ತಮಗೆ ಧರ್ಮಾಧ್ಯಕ್ಷ ಪದವಿ ಒದಗಿ ಬಂದಾಗ ವಾಜ್ ಅವರು ಒಲ್ಲೆನೆಂದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ತೀರಿಕೊಂಡರು. 1995ರಲ್ಲಿ ಧನ್ಯರೆಂದೂ 2015ರಲ್ಲಿ ಸಂತರೆಂದೂ ಘೋಷಿತರಾದುದು ಈಗ ಎಲ್ಲರಿಗೂ ಗೊತ್ತಿದೆ. ಅವರ ಮರಣದ ನಂತರವೂ ಡಚ್ಚರು ಆ ಕರಾವಳಿಯನ್ನು 1796ರವರೆಗೆ ಆಳಿದರು. ಅಷ್ಟು ಕಾಲವೂ ಗೋವೆಯಿಂದ ಗುರುಗಳು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ಗುರುವಿಲ್ಲದ ಹಳ್ಳಿಗಳಲ್ಲಿ ಅಣ್ಣಾವಿಗಳು ಪ್ರಾರ್ಥನೆ ನಡೆಸುತ್ತಿದ್ದರು.